ಲೆಸಿಬಾನ ಸರದಿ

ಮೇ 11, ಭಾನುವಾರ

ಇದು ಮುಷ್ಕರದ ಕಾಲದ ಪುಸ್ತಕ. ಮೊದಲ ಮೂವತ್ತು ಹಾಳೆಯಲ್ಲಿ ಆಸ್ಪತ್ರೆ ಲಾಂಡ್ರಿಯ ಹೆಂಗಸರ ಸಭೆಯ ನಡಾವಳಿ ಇದೆ, ನನ್ನದೇ ಕೈಬರಹ. ಉಳಿದ ಹಾಳೆ ಖಾಲಿ. ಹೊತ್ತು ಮುಳುಗಿದ ಮೇಲೆ ನಾನು ಯಾರೊಂದಿಗೂ ಮಾತಾಡಬಾರದೆಂದು ಕಟ್ಟಳೆ. ಬರೆಯಬಾರದೆಂದು ಯಾರೂ ಹೇಳಿಲ್ಲ. ಕಟ್ಟಳೆ ಮಾಡಿದವರಿಗೆ ಹೆಂಗಸು ಬರೆದಾಳು ಎಂದು ಹೊಳೆದಿರಲಿಕ್ಕಿಲ್ಲ.

ಲೆಸಿಬಾ ಸತ್ತು ಎರಡು ತಿಂಗಳು. ಕುಲುಮೆಯ ಧೂಳು ಇಪ್ಪತ್ತಾರು ವರ್ಷ ಅವನ ಎದೆಯೊಳಗೆ ಕೂತು, ಕೊನೆಗೆ ಉಸಿರಿಗೇ ಜಾಗವಿಲ್ಲದಂತೆ ಮಾಡಿತು. ಕಾರ್ಖಾನೆಯವರು ಹೂವು ಕಳಿಸಿದ್ದರು. ಪ್ಲಾಸ್ಟಿಕ್ಕಿನದು.

ಸತ್ತದ್ದು ಅವನು, ಶಿಕ್ಷೆ ನನಗೆ. ಕರಿ ಲಂಗ, ಕರಿ ಕುಪ್ಪಸ, ಕರಿ ಶಾಲು, ತಲೆಗೆ ಕರಿ ವಸ್ತ್ರ, ಒಂದು ವರ್ಷ. ಯಾರ ಕೈಯನ್ನೂ ಮುಟ್ಟಬಾರದು. ನಾಲ್ಕು ಜನ ಸೇರಿದಲ್ಲಿ ಹೋಗಬಾರದು. ಸೂರ್ಯ ಇಳಿಯುವ ಮುಂಚೆ ಮನೆಯೊಳಗಿರಬೇಕು. ಹೆಂಡತಿ ಸತ್ತ ಗಂಡಸಿಗೆ ಏನು ಕಟ್ಟಳೆ? ತೋಳಿಗೆ ಬೆರಳಗಲದ ಕರಿ ಪಟ್ಟಿ, ಮೂರು ತಿಂಗಳು. ಅದನ್ನೂ ಕೋಟಿನ ಒಳಗಡೆ ಹೊಲಿಸಿಕೊಂಡು ಓಡಾಡಿದವರನ್ನು ನಾನು ನಮ್ಮ ಮಮೆಲೋಡಿಯಲ್ಲೇ ನೋಡಿದ್ದೇನೆ.

ಇವತ್ತು ಮಧ್ಯಾಹ್ನ ಎರಡು ಬೀದಿ ಆಚೆಯಿಂದ ಸ್ಯಾಕ್ಸೊಫೋನ್ ಕೇಳಿಸುತ್ತಿತ್ತು. ನೀಲಿ ಟೋಪಿ ಜಾಝ್ ಸಂಘದವರು ಸೇರಿದ್ದಾರೆ. ಹನ್ನೆರಡು ಗಂಡಸರು. ಈಗ ಹನ್ನೊಂದು. ಇಸ್ತ್ರಿ ಪ್ಯಾಂಟು, ಎರಡು ಬಣ್ಣದ ಬೂಟು. ತಿಂಗಳ ಎರಡನೇ ಭಾನುವಾರ ತಮ್ಮಲ್ಲೊಬ್ಬನ ಮನೆ, ಮಿಕ್ಕ ಭಾನುವಾರ ಊರಿನ ಬೇರೆ ಸಂಘಗಳ ಮನೆ. ಹಳೆಯ ರೆಕಾರ್ಡು ಹಾಕುತ್ತಾರೆ, ಕಣ್ಣು ಮುಚ್ಚಿ ಕೂರುತ್ತಾರೆ, ಮನಸ್ಸು ಬಂದವನು ಎದ್ದು ಅಂಗಳದ ನಡುವೆ ಒಬ್ಬನೇ ಕುಣಿಯುತ್ತಾನೆ, ಉಳಿದವರು ನೋಡುತ್ತಾರೆ. ಇಪ್ಪತ್ತೆರಡು ವರ್ಷ ನನ್ನ ಭಾನುವಾರಗಳನ್ನು ಈ ಸಂಘ ತಿಂದಿತು. ವರ್ಷಕ್ಕೊಮ್ಮೆ ನಮ್ಮ ಮನೆಯ ಸರದಿ ಬಂದಾಗ ಬೋಟಿ ಬೇಯಿಸಿ, ಮೆಕ್ಕೆಜೋಳದ ಮುದ್ದೆ ತಿರುವಿ, ಅಡುಗೆಮನೆಯಲ್ಲಿ ಬೆವರಿದವಳು ನಾನು. ಒಂದು ರೆಕಾರ್ಡನ್ನೂ ಪೂರ್ತಿ ಕೇಳಿಲ್ಲ.

ಅವನ ನಾಲ್ಕು ಪೆಟ್ಟಿಗೆ ಮೂಲೆಯಲ್ಲಿವೆ. ನಮಗೆ ಮಕ್ಕಳಿಲ್ಲ, ಇವೇ ನಾಲ್ಕು ಮಕ್ಕಳು ಎಂದು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಆ ಜಾಗದಲ್ಲಿ ಹೊಲಿಗೆ ಯಂತ್ರ ಇಡಬಹುದು.

ಮೇ 30, ಶುಕ್ರವಾರ

ಊರಿನಿಂದ ರಖಾಡಿ ಬಂದಿದ್ದಳು. ಲೆಸಿಬಾನ ಅಕ್ಕ; ಮನೆತನದ ಹಿರಿ ಹೆಣ್ಣುಮಗಳನ್ನು ನಾವು ಹಾಗೆ ಕರೆಯುತ್ತೇವೆ. ನಮ್ಮ ಕಡೆ ಸಾವಿನ ಮನೆಯಲ್ಲಿ ರಖಾಡಿಯ ಮಾತೇ ಕಾನೂನು. ಈ ಕರಿ ಬಟ್ಟೆ ನನಗೆ ತೊಡಿಸಿದವಳು ಅವಳು, ವರ್ಷ ತುಂಬಿದಾಗ ಬಿಚ್ಚಿಸುವವಳೂ ಅವಳೇ. ತಿಂಗಳ ಕೊನೆಗೊಮ್ಮೆ ಬಸ್ಸಿಳಿದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾಳೆ.

“ಶಾಲು ಎಲ್ಲಿ, ಮಕೋಟಿ?”

ನನಗೆ ವಯಸ್ಸು ಐವತ್ತೆರಡಾಯಿತು, ಇನ್ನೂ ನಾನು ಮಕೋಟಿ, ಹೊಸ ಸೊಸೆ.

“ಒಲೆ ಮುಂದೆ ಸೆಕೆ ಆಗ್ತದೆ, ರಖಾಡಿ.”

“ಸೆಕೆ ಆಗ್ಲಿ ಅಂತಾನೇ ಹಾಕಿರೋದು.”

ಚಹಾ ಕುಡಿಯುತ್ತ ಕೋಣೆಯ ಮೂಲೆ ನೋಡಿದಳು. “ವರ್ಷ ತುಂಬಿದ ದಿನ ಅವನ ಬಟ್ಟೆ ಹಂಚೋದು ನಾನು ತಾನೆ. ಆ ಪೆಟ್ಟಿಗೇನೂ ಬರ್ತವೆ.”

“ಅವು ಬಟ್ಟೆ ಅಲ್ಲ, ಮನೆ ಸಾಮಾನು. ಸಾಮಾನು ಹೆಂಡ್ತಿಗೆ.”

“ದಿನಾ ಮೈಮೇಲೆ ಹಾಕ್ಕೊಂಡೇ ಓಡಾಡ್ತಿದ್ನಲ್ಲ ಅವನ್ನ. ಬಟ್ಟೆಯೇ.”

“ಇವತ್ತೇ ತಗೊಂಡ್ಹೋಗು. ಮೂಲೆ ಖಾಲಿಯಾಗ್ತದೆ.”

“ವರ್ಷ ತುಂಬೋ ಮುಂಚೆ ಅವನ್ದು ಒಂದು ಸೂಜೀನೂ ಈ ಹೊಸ್ತಿಲು ದಾಟಬಾರದು. ಅಷ್ಟೂ ಗೊತ್ತಿಲ್ವಾ ನಿಂಗೆ?”

ಅವಳಿಗೆ ರೆಕಾರ್ಡು ಹಾಕುವ ಯಂತ್ರವೇ ಇಲ್ಲ. ಹಾಗಾದರೆ ಏನು ಮಾಡುತ್ತಾಳೆ ಎಂದು ಕೇಳಿದೆ. ಉತ್ತರ ಬೇರೆಲ್ಲಿಂದಲೋ ಬಂತು. “ನನ್ನ ಗಂಡ ಸತ್ತಾಗ ಎರಡು ವರ್ಷ ಕರಿ ಬಟ್ಟೆ ನಂಗೆ. ಅತ್ತೆ ರೇಡಿಯೋನ ಗೋಡೆ ಕಡೆ ಮುಖ ಮಾಡಿ ಇಟ್ಟಿದ್ಲು. ನಿಂಗೆ ಒಂದೇ ವರ್ಷ ಹಾಕಿದೀನಿ. ನೆನಪಿರಲಿ.”

ಉಪಕಾರ ಮಾಡಿದ ಧ್ವನಿ. ಅವಳ ಮಟ್ಟಿಗೆ ಅದು ಉಪಕಾರವೇ ಇರಬೇಕು. ಹೊಡೆಸಿಕೊಂಡವರ ಕೈಗೇ ಬೆತ್ತ ಕೊಟ್ಟು ನಿಲ್ಲಿಸುವುದನ್ನು ನಮ್ಮ ಹಿರಿಯರು ಚೆನ್ನಾಗಿ ಕಲಿತಿದ್ದರು. ಆಸ್ಪತ್ರೆಯ ಗುತ್ತಿಗೆದಾರನೂ ಹಾಗೆಯೇ: ನಮ್ಮಲ್ಲೇ ಒಬ್ಬಳನ್ನು ಮೇಲ್ವಿಚಾರಕಿ ಮಾಡುತ್ತಾನೆ.

ಜೂನ್ 8, ಭಾನುವಾರ

ಪಾಳಿ ಮುಗಿಸಿ ಬರುವಷ್ಟರಲ್ಲಿ ಗೇಟಿನ ಆಚೆ ದರ್ಜಿ ಮಾಶಿಗೋ ನಿಂತಿದ್ದ, ನೀಲಿ ಟೋಪಿ ಕಂಕುಳಲ್ಲಿ. ಲೆಸಿಬಾನ ಗೆಳೆಯ, ಸಂಘದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುವವನು. ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

“ಕಚ್ಚಲ್ಲ ಕಣಪ್ಪಾ.”

“ಹಾಗಲ್ಲಮ್ಮಾ. ನಾನು ಸೂಜಿ ಹಿಡಿಯೋನು. ಕರಿ ಬಟ್ಟೆ ತಾಗಿದ್ರೆ ಕೈ ನಡುಗ್ತದೆ ಅಂತಾರೆ.”

“ಈ ಕರಿ ಬಟ್ಟೆ ಹೊಲಿದವನು ನೀನೇ ತಾನೆ?”

“ಆಗ ಅದರೊಳಗೆ ಯಾರೂ ಇರ್ಲಿಲ್ವಲ್ಲ.”

ಗೇಟಿನ ಕಂಬದ ಮೇಲೆ ಒಂದು ಕಾಗದ ಇಟ್ಟು, ಅದರ ಮೇಲೆ ಕಲ್ಲು ಇಟ್ಟು, ಕೈ ಒರೆಸಿಕೊಂಡ. ಸಂಘದ ಕಾಗದ. ಸೆಪ್ಟೆಂಬರ್ 14 ಲೆಸಿಬಾನ ಸರದಿ. ಮನೆ ತೆರೆಯುವುದೋ ಇಲ್ಲವೋ ತಿಳಿಸಬೇಕು.

“ತೆರೀದಿದ್ರೆ?”

“ಪಟ್ಟೀಲಿ ಹೆಸರು ಇರಲ್ಲ. ಪ್ರತಿ ಸರದಿ ಶುರು ಮಾಡೋ ಮುಂಚೆ ಸತ್ತವರ ಹೆಸರು ಓದ್ತೀವಲ್ಲ, ಹದಿನಾರು ಹೆಸರಿವೆ. ಎಲ್ಲಾ ಸತ್ತ ಮೇಲೆ ಒಂದು ಸಲ ಮನೆ ತೆರೆದವರದ್ದು. ತೆರೀದವರನ್ನ ಓದಲ್ಲ.”

“ವಿಧವೆ ಹೇಗೆ ತೆರೀತಾಳೆ? ಜನ ಸೇರಿದಲ್ಲಿ ನಾನಿರೋ ಹಾಗಿಲ್ಲ. ನೀನು ಗೇಟು ದಾಟೋ ಹಾಗಿಲ್ಲ.”

“ಬೇರೆ ಮನೇಲೆಲ್ಲ ಮಗ ತೆರೀತಾನೆ. ತಮ್ಮ ತೆರೀತಾನೆ.”

“ನಮಗಿಲ್ಲ.”

“ಅದೇ,” ಎಂದ ಮಾಶಿಗೋ. ಟೋಪಿಯ ಅಂಚಿನಲ್ಲಿ ಇಲ್ಲದ ಧೂಳು ಕೊಡವುತ್ತ ಹೋದ.

ಇಪ್ಪತ್ತೆರಡು ವರ್ಷ ನನ್ನ ಬೋಟಿ ತಿಂದವನು. ಎಲುಬು ಚೀಪಿ ತಟ್ಟೆಯನ್ನು ನನ್ನ ಕೈಗೇ ಕೊಟ್ಟವನು. ಇವತ್ತು ನನ್ನ ಕೈ ಹೊಲಸು.

ಆಗುವುದಿಲ್ಲ ಎಂದು ಉತ್ತರ ಬರೆದೆ. ನಾಳೆ ಕಳಿಸಬೇಕು.

ಜೂನ್ 21, ಶನಿವಾರ

ಉತ್ತರ ಕಳಿಸಿಲ್ಲ. ಪಾಳಿ ಬದಲಾಯಿತು, ಮರೆತೆ.

ಪೆಟ್ಟಿಗೆಗಳ ಧೂಳು ಒರೆಸಿದೆ. ಒಂದು ರೆಕಾರ್ಡು ಬಾಗಿದೆಯೇನೋ ಎಂದು ಯಂತ್ರಕ್ಕೆ ಹಾಕಿ ನೋಡಿದೆ, ಶಬ್ದ ಸಣ್ಣಗೆ ಮಾಡಿ. ಬಾಗಿಲ್ಲ. ಏನೂ ತಿಳಿಯಲಿಲ್ಲ. ಯಾರೋ ಜಗಳ ಆಡುತ್ತಿದ್ದಾರೆ, ಯಾರೋ ಸಮಾಧಾನ ಮಾಡುತ್ತಿದ್ದಾರೆ. ಇದಕ್ಕೆ ಗಂಡಸರು ಕಣ್ಣು ಮುಚ್ಚುತ್ತಾರಂತೆ.

ಜೂನ್ 24, ಮಂಗಳವಾರ

ಅದೇ ರೆಕಾರ್ಡು ಮತ್ತೆ ಹಾಕಿದೆ. ಎಲ್ಲದರ ಕೆಳಗೆ ದಪ್ಪ ತಂತಿಯ ದನಿಯೊಂದು ಹೆಜ್ಜೆ ಹಾಕುವಂತೆ ನಡೆಯುತ್ತಿದೆ. ಮೊನ್ನೆ ಅದು ಇರಲಿಲ್ಲ, ಅಥವಾ ನನಗೆ ಕೇಳಿಸಿರಲಿಲ್ಲ.

ಜುಲೈ 12, ಶನಿವಾರ

ಇವತ್ತು ಆದದ್ದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ನೆಲಕ್ಕೆ ಬ್ಲೀಚ್ ಹಾಕಿ ಒರೆಸುತ್ತಿದ್ದೆ. ಬೇಗ ಒಣಗಲೆಂದು ಬಾಗಿಲು, ಕಿಟಕಿ ಎಲ್ಲ ತೆರೆದಿದ್ದೆ. ಮೂರನೇ ಪೆಟ್ಟಿಗೆಯಿಂದ ಚಿತ್ರವಿಲ್ಲದ ಬಿಳಿ ಲಕೋಟೆಯ ರೆಕಾರ್ಡೊಂದು ತೆಗೆದು ಹಾಕಿದೆ. ಬಕೆಟ್ಟಿನ ಸದ್ದಿನಲ್ಲಿ ಕೇಳಿಸಲೆಂದು ಶಬ್ದ ಏರಿಸಿದೆ. ಒಂಟಿ ಟ್ರಂಪೆಟ್ಟು, ಹಿಂದೆ ಆರ್ಗನ್, ಬಹಳ ನಿಧಾನ. ಮುಗಿದಾಗ ಮತ್ತೆ ಮೊದಲಿಂದ ಹಾಕಿದೆ.

ತಲೆ ಎತ್ತಿದಾಗ ಗೇಟಿನಲ್ಲಿ ನ್ತಾತೆ ಫಾಶಾ ನಿಂತಿದ್ದರು. ಸಂಘದ ಅಧ್ಯಕ್ಷರು, ಎಪ್ಪತ್ತು ದಾಟಿದವರು, ಊರಿಗೆಲ್ಲ ನ್ತಾತೆ, ಅಂದರೆ ಅಪ್ಪ, ರೈಲಿನಲ್ಲಿ ಟಿಕೆಟ್ ನೋಡುತ್ತಿದ್ದವರು. ಕೋಟಿನ ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡಿದ್ದರು. ಟೋಪಿ ಕೈಯಲ್ಲಿತ್ತು.

“ಯಾರಮ್ಮಾ?”

“ಯಾರು ಅಂದ್ರೆ?”

“ಹೋದದ್ದು ಯಾರು?”

“ಎಲ್ಲಿಗೆ?”

ಅಷ್ಟರಲ್ಲಿ ಇನ್ನಿಬ್ಬರು ಬಂದರು, ಬರಿ ತಲೆಯಲ್ಲಿ. ಮಾಶಿಗೋ ಕತ್ತಿನಲ್ಲಿ ಅಳತೆ ಟೇಪು ನೇತಾಡಿಸಿಕೊಂಡು ಓಡಿ ಬಂದ. “ಮುದುಕ ಹೋದ್ನಾ? ಫಾಶಾ ಹೋದ್ನಾ?” ಎಂದವನು ಫಾಶಾ ಅವರನ್ನೇ ಎದುರು ಕಂಡು ಗೇಟಿನ ಸರಳು ಹಿಡಿದುಕೊಂಡ.

“ಇನ್ನೂ ಇಲ್ಲಪ್ಪಾ,” ಎಂದರು ಅವರು. “ಹೋಗೋವಾಗ ಹೇಳಿ ಕಳಿಸ್ತೀನಿ.”

“ನಾನು ನೆಲ ಒರೆಸ್ತಿದ್ದೆ,” ಅಂದೆ.

ಯಾರೂ ನಗಲಿಲ್ಲ. ಫಾಶಾ ನಿಧಾನವಾಗಿ ಹೇಳಿದರು. ಒಂದೊಂದು ಸಂಘಕ್ಕೆ ಒಂದು ರೆಕಾರ್ಡು ಇರುತ್ತದೆ. ಅದನ್ನು ತಮ್ಮವನ ಗುಂಡಿಯ ಪಕ್ಕದಲ್ಲಿ ಬಿಟ್ಟರೆ ಬೇರೆಲ್ಲೂ ಹಾಕುವುದಿಲ್ಲ. ನೀಲಿ ಟೋಪಿಯವರದು ಇದು. ಜೋಪಾನ ಮಾಡುತ್ತಿದ್ದವನು ಲೆಸಿಬಾ. ಅವನನ್ನು ಮಣ್ಣು ಮಾಡಿದ ದಿನ ಮಾಶಿಗೋ ಅದನ್ನು ಕಿಟಕಿಯಿಂದ ಒಳಗೆ, ಅವನ ಪೆಟ್ಟಿಗೆಗೇ ಇಟ್ಟು ಹೋಗಿದ್ದನಂತೆ. ಹಗಲು ಹೊತ್ತಲ್ಲಿ ಅದು ಬೀದಿಗೆ ಕೇಳಿಸಿದರೆ ಒಂದೇ ಅರ್ಥ.

“ಲೆಸಿಬಾಗೂ ಹಾಕಿದ್ರಾ?”

“ಹಾಕಿದ್ವಲ್ಲಮ್ಮಾ. ಎರಡು ಸಲ. ನೀವು ಅಲ್ಲೇ ಇದ್ರಿ.”

ಅಲ್ಲೇ ಇದ್ದೆ. ತಲೆ ಮೇಲಿಂದ ಕಂಬಳಿ ಹೊದಿಸಿ, ಎರಡು ಕಡೆ ಇಬ್ಬರು ಹೆಂಗಸರು ಒತ್ತಿ ಹಿಡಿದು ಕೂರಿಸಿದ್ದರು. ಕಂಬಳಿಯೊಳಗೆ ನನಗೆ ಕೇಳಿಸಿದ್ದು ಗುದ್ದಲಿಯ ಸದ್ದೊಂದೇ. ನನ್ನ ಗಂಡನನ್ನು ಹೀಗೆ ಕಳಿಸಿದರು ಎಂದು ನಾಲ್ಕು ತಿಂಗಳಾದ ಮೇಲೆ, ನೆಲ ಒರೆಸುವ ಕೋಲು ಹಿಡಿದುಕೊಂಡು ತಿಳಿದೆ.

ನಾನು ನಿಲ್ಲಿಸಲು ಹೋದೆ. ಫಾಶಾ ಕೈ ಎತ್ತಿದರು. “ಬೇಡ. ಶುರು ಆದ ಮೇಲೆ ಮುಗೀಬೇಕು. ಅಲ್ಲೀವರ್ಗೂ ನಾವು ನಿಂತಿರ್ಬೇಕು.”

ಆಮೇಲೆ ಬಂದ ಮೂವರೂ ಸೇರಿ ಗೇಟಿನ ಆಚೆ ಏಳು ಗಂಡಸರು ಬರಿ ತಲೆಯಲ್ಲಿ ನಿಂತರು. ಈಚೆ ನಾನು. ಮುಗಿಯುವವರೆಗೆ. ಬ್ಲೀಚ್ ಹೆಚ್ಚಾಗಿತ್ತು, ಕಣ್ಣು ಉರಿದು ನೀರು ಬಂತು.

ಹೊರಡುವಾಗ ಫಾಶಾ ಕೇಳಿದರು, “ಕಾಗದಕ್ಕೆ ಉತ್ತರ ಬರ್ಲಿಲ್ಲ.”

“ಸೆಪ್ಟೆಂಬರ್ ಹದಿನಾಲ್ಕಕ್ಕೆ ಮನೆ ತೆರ್ದಿರ್ತದೆ,” ಅಂದೆ.

ನನ್ನ ಬಾಯಿಂದ ಅದು ಹೇಗೆ ಬಂತೋ ತಿಳಿಯದು. ಬಂದ ಮೇಲೆ ವಾಪಸು ತೆಗೆದುಕೊಳ್ಳಲಿಲ್ಲ.

“ಯಾರು ತೆರೀತಾರೆ?”

“ಮನೇಲಿರೋದು ಯಾರು?”

ಏಳೂ ಜನ ನೆಲ ನೋಡಿದರು. ಬರುತ್ತೇವೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ.

ಆಗಸ್ಟ್ 9, ಶನಿವಾರ

ನಮ್ಮ ದೇಶದ ಮಹಿಳಾ ದಿನ, ಸರ್ಕಾರಿ ರಜೆ. ಕಾಯಿಲೆಗೆ ರಜೆ ಇಲ್ಲ, ಹಾಗಾಗಿ ಲಾಂಡ್ರಿಗೂ ಇಲ್ಲ. ಗುತ್ತಿಗೆ ಕಂಪನಿಯವರು ಹೆಂಗಸರಿಗೆಲ್ಲ ಒಂದೊಂದು ಚಾಕಲೇಟು ಹಂಚಿದರು. ಮ್ಯಾನೇಜರು ಮೈಕಿನಲ್ಲಿ, ಈ ದಿನದ ಹಳೆ ಹೋರಾಟದ ಹಾಡಿನಂತೆ, ನಮ್ಮನ್ನು ಬಂಡೆಗಳು ಎಂದ. ಬಂಡೆಗೆ ಕೈಗವಸು ಬೇಕು, ಮೂರು ತಿಂಗಳಿಂದ ಕೇಳುತ್ತಿದ್ದೇವೆ ಎಂದು ನಾನು ಎದ್ದು ಹೇಳಿದೆ. ರಕ್ತ ಹತ್ತಿದ ಹಾಸಿಗೆ ಬಟ್ಟೆಯನ್ನು ಬರಿಗೈಲಿ ಯಂತ್ರಕ್ಕೆ ತುಂಬುತ್ತಿದ್ದೇವೆ. ಅವನು ಚಪ್ಪಾಳೆ ತಟ್ಟಿಸಿ ಹೋದ.

ಲಾಂಡ್ರಿಯಲ್ಲಿ ಕರಿ ಬಟ್ಟೆ ಹಾಕುವಂತಿಲ್ಲ, ಕಂಪನಿಯ ನೀಲಿ ಅಂಗಿಯೇ ಆಗಬೇಕು. ಬಾಗಿಲಲ್ಲಿ ಕರಿ ಬಿಚ್ಚುತ್ತೇನೆ, ಸಂಜೆ ಮತ್ತೆ ತೊಡುತ್ತೇನೆ. ಇದಕ್ಕೆ ರಖಾಡಿಯ ತಕರಾರಿಲ್ಲ, ಸಂಬಳ ಬರಬೇಕಲ್ಲ. ಹತ್ತು ಗಂಟೆ ನೀಲಿ, ಉಳಿದ ಹದಿನಾಲ್ಕು ಗಂಟೆ ಕಪ್ಪು. ದುಡಿಯುವ ಹತ್ತು ಗಂಟೆಯಲ್ಲಿ ನಾನು ಯಾರನ್ನು ಮುಟ್ಟಿದರೂ ಅಪಶಕುನವಿಲ್ಲ.

ಊಟದ ಹೊತ್ತಿನಲ್ಲಿ ಜೊಹಾನಾಗೆ ಸರದಿಯ ವಿಷಯ ಹೇಳಿದೆ. ನನ್ನ ಯಂತ್ರದ ಆ ಕಡೆ ನಿಲ್ಲುವವಳು. ಹದಿನೆಂಟು ವರ್ಷ ಒಟ್ಟಿಗೆ ನಿಂತಿದ್ದೇವೆ.

“ಆ ಮುದುಕರಿಗಾಗಿ ಇಷ್ಟೆಲ್ಲಾನಾ? ನೀನೇ ಬೈತಿದ್ದೆ ಅವರನ್ನ.”

“ಈಗ್ಲೂ ಬೈತೀನಿ.”

“ಮತ್ತೆ?”

“ಎರಡನೇ ಪೆಟ್ಟಿಗೇಲಿ ಒಂದಿದೆ ಜೊಹಾನಾ. ಪಿಯಾನೋದವನು ಏನೋ ಹೇಳೋಕೆ ಹೋಗ್ತಾನೆ, ಅರ್ಧಕ್ಕೆ ನಿಲ್ಲಿಸ್ತಾನೆ. ಮತ್ತೆ ಅದೇ ಜಾಗಕ್ಕೆ ಬರ್ತಾನೆ, ಮತ್ತೆ ನಿಲ್ಲಿಸ್ತಾನೆ. ಮೂರನೇ ಸಲಕ್ಕೆ—”

“ನಿಂಗೆ ಜ್ವರ ಇದೆ,” ಎಂದು ಹಣೆ ಮುಟ್ಟಿದಳು. ಆಮೇಲೆ ಕೇಳಿದಳು, “ಎಷ್ಟು ಜನಕ್ಕೆ ಅಡುಗೆ?”

ಆಗಸ್ಟ್ 29, ಶುಕ್ರವಾರ

ರಖಾಡಿಗೆ ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಚೀಲ ಕೆಳಗಿಡುವ ಮುಂಚೆಯೇ ಶುರು ಮಾಡಿದಳು.

“ಗಂಡ ಸತ್ತ ಮನೇಲಿ ಗಂಡಸರನ್ನ ಕೂಡಿಸಿ ಕುಣಿಸ್ತೀಯಂತೆ.”

“ಅವನ ಸರದಿ. ತೆರೀದಿದ್ರೆ ಹೆಸರು ಹೊಡೆದ್ಹಾಕ್ತಾರೆ.”

“ಹೆಸರು ನಮ್ಮ ಮನೇದು. ಹೊಡಿಯೋಕೆ ಅವರ್ಯಾರು?”

“ಅದನ್ನ ಅವನು ಅಲ್ಲಿ ಇಪ್ಪತ್ತೆರಡು ವರ್ಷ ಕೂತು ಸಂಪಾದಿಸಿದ್ದು. ನಿಮ್ಮ ಮನೇಲಿ ಅವನು ಮೂರನೇ ಮಗ. ಕಾರ್ಖಾನೇಲಿ ಅವನು ಒಂದು ನಂಬರು. ಅವನ ಹೆಸರು ಜೋರಾಗಿ ಓದೋ ಜಾಗ ಅದೊಂದೇ, ರಖಾಡಿ.”

ಅವಳು ಚೀಲ ಕೆಳಗಿಟ್ಟಳು. ಆಮೇಲೆ ಬೆರಳು ಮಡಚಿ ಹೇಳಿದಳು: ಆ ದಿನ ತಾನು ಬಂದು ಬಾಗಿಲಲ್ಲೇ ಕೂರುತ್ತಾಳೆ. ನಾನು ಆ ಗಂಡಸರ ನಡುವೆ ಕಾಲಿಟ್ಟರೆ ಈವರೆಗೆ ತೊಟ್ಟ ಕರಿ ಲೆಕ್ಕಕ್ಕಿಲ್ಲ. ವರ್ಷ ಮತ್ತೆ ಮೊದಲಿಂದ.

“ಮತ್ತೆ ಮೊದಲಿಂದಾನಾ?”

“ಮೊದಲಿಂದ.”

ಐದೂವರೆ ತಿಂಗಳು. ಬೇಸಿಗೆಯ ಕೊನೆ, ನಮ್ಮ ಜೂನ್ ಜುಲೈನ ಇಡೀ ಚಳಿಗಾಲ. ಜೈಲಿನಲ್ಲಾದರೂ ಕೂತ ದಿನಗಳನ್ನು ಕಳೆಯುತ್ತಾರೆ.

ಸೆಪ್ಟೆಂಬರ್ 7, ಭಾನುವಾರ

ಆತಿಥೇಯರು ಶುರುವಿನದೊಂದು, ಕೊನೆಯದೊಂದು ಹಾಕಬೇಕಂತೆ. ನಡುವಿನದು ಬಂದವರದು. ಶುರುವಿಗೆ ಅವನಿಗೆ ಇಷ್ಟವಾಗುತ್ತಿದ್ದ ಸ್ಯಾಕ್ಸೊಫೋನು. ಕೊನೆಗೆ ಆ ದಪ್ಪ ತಂತಿಯದು. ಅದು ಅವನಿಗೆ ಇಷ್ಟವಿತ್ತೋ ಇಲ್ಲವೋ ಗೊತ್ತಿಲ್ಲ. ನನಗೆ ಇಷ್ಟ.

ಸೆಪ್ಟೆಂಬರ್ 14, ಭಾನುವಾರ

ಜೊಹಾನಾ ಮತ್ತು ಲಾಂಡ್ರಿಯ ಇನ್ನಿಬ್ಬರು ಆರು ಗಂಟೆಗೇ ಬಂದು ಒಲೆ ಹಚ್ಚಿದರು. ಚರ್ಚಿನಿಂದ ನಲವತ್ತು ಕುರ್ಚಿ ತಂದು ಅಂಗಳದಲ್ಲಿ ಸುತ್ತ ಹಾಕಿದೆವು. ರಖಾಡಿ ಮುಂಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕೋಲು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಳು.

ಒಂದು ಗಂಟೆಗೆ ಯಾರೂ ಇಲ್ಲ. ಒಂದೂವರೆಗೂ ಇಲ್ಲ. “ಬೋಟಿ ಆಸ್ಪತ್ರೆಗೆ ಹೊತ್ಕೊಂಡ್ಹೋಗೋಣ ಬಿಡು,” ಎಂದಳು ಜೊಹಾನಾ. ಎರಡಕ್ಕೆ ಬೀದಿಯ ಕೊನೆಯಲ್ಲಿ ನೀಲಿ ಟೋಪಿಗಳು ಕಂಡವು. ಹಿಂದೆ ಇನ್ನೆರಡು ಸಂಘದವರು, ಬಿಳಿ ಕೋಟಿನವರು, ಕಂದು ಬೂಟಿನವರು. ಮೂವತ್ತಕ್ಕೂ ಮೀರಿ. ಗೇಟಿನಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ನ್ತಾತೆ ಫಾಶಾ ಮೊದಲು ಒಳಗೆ ಕಾಲಿಟ್ಟರು. ಉಳಿದವರು ಹಿಂಬಾಲಿಸಿದರು, ನನ್ನಿಂದ ದೂರದ ಅಂಚು ಹಿಡಿದು.

ಫಾಶಾ ಎದ್ದು ನಿಂತು ಪುಸ್ತಕ ತೆಗೆದು ಹೆಸರು ಓದಿದರು. ಹದಿನಾರು ಹೆಸರಾದ ಮೇಲೆ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, “ಲೆಸಿಬಾ ಸೆಕೋಬೆಲಾ,” ಎಂದರು. ಬಾಗಿಲಲ್ಲಿ ರಖಾಡಿಯ ಕೋಲು ಒಮ್ಮೆ ಅಲುಗಿತು.

ಸೂಜಿ ಇಟ್ಟೆ. ಸ್ಯಾಕ್ಸೊಫೋನು ಅಂಗಳ ತುಂಬಿತು. ಯಾರೂ ಏಳಲಿಲ್ಲ. ಆಮೇಲೆ ಬಂದವರು ಒಬ್ಬೊಬ್ಬರಾಗಿ ತಮ್ಮದು ಹಾಕಿದರು. ನಾಲ್ಕು ರೆಕಾರ್ಡಾಯಿತು, ಎಂಟಾಯಿತು. ಬೋಟಿ ತಿಂದರು, ಶುಂಠಿ ಬಿಯರ್ ಕುಡಿದರು. ಅಂಗಳದ ನಡುವೆ ಯಾರೂ ಇಳಿಯಲಿಲ್ಲ. ಮಾಶಿಗೋನ ಬೂಟುಗಳು ಕುರ್ಚಿಯ ಕೆಳಗೆ ತಾವಾಗಿಯೇ ಆಡುತ್ತಿದ್ದವು. ಅವನು ಎರಡೂ ಕೈಯಲ್ಲಿ ಮಂಡಿ ಒತ್ತಿ ಹಿಡಿದುಕೊಂಡಿದ್ದ. ಸೂರ್ಯ ನೀರಿನ ಟ್ಯಾಂಕಿನ ಹಿಂದೆ ಇಳಿಯುತ್ತಿದ್ದ.

“ಯಾಕೆ ಯಾರೂ ಏಳ್ತಿಲ್ಲ?” ಎಂದು ಕೇಳಿದೆ.

ಫಾಶಾ ಮೆಲ್ಲಗೆ ಹೇಳಿದರು, “ಕರಿ ಬಟ್ಟೆ ಮುಂದೆ ಕುಣಿಯೋ ಹಾಗಿಲ್ಲಮ್ಮಾ. ನೀವೊಂದು ಗಳಿಗೆ ಒಳಗೆ ಹೋದ್ರೆ...”

“ನಾನು ಒಳಗೆ ಹೋದ್ರೆ ಇದು ಯಾರ ಸರದಿ?”

“ಲೆಸಿಬಾಂದು.”

“ಲೆಸಿಬಾ ಮಣ್ಣಲ್ಲಿದಾನೆ. ಕುರ್ಚಿ ಹೊತ್ತವಳು ನಾನು. ಬೋಟಿ ತೊಳ್ದವಳು ನಾನು. ಮೂರು ತಿಂಗಳು ಆ ಪೆಟ್ಟಿಗೆಗಳ ಮುಂದೆ ಕೂತು ಒಂದೊಂದನ್ನೂ ಕೇಳಿದವಳು ನಾನು. ಗಂಡ ಸತ್ತ, ನಾನು ಸಾಯ್ಲಿಲ್ಲ. ನಾನು ಮಾಡಿದ್ದು ತಿಂತೀರಿ, ನನ್ನ ನೋಡೋಕಾಗಲ್ಲ. ನೋಡೋಕಾಗ್ದಿದ್ರೆ ತಟ್ಟೆ ಕೆಳಗಿಟ್ಟು ಎದ್ದೋಗಿ.”

ಯಾರೂ ಎದ್ದು ಹೋಗಲಿಲ್ಲ. ಎದ್ದು ಬರಲೂ ಇಲ್ಲ. ರಖಾಡಿ ಬಾಗಿಲಿಂದ ಹೇಳಿದಳು, “ಹೊತ್ತು ಮುಳುಗ್ತಿದೆ. ಒಳಗೆ ಬಾ, ಮಕೋಟಿ.”

ನನ್ನ ಕೊನೆಯ ರೆಕಾರ್ಡು ಹಾಕಿದೆ. ದಪ್ಪ ತಂತಿ ನಡೆಯತೊಡಗಿತು. ನಾನು ನಡುವೆ ಇಳಿದೆ.

ನನಗೆ ಕುಣಿಯಲು ಬರುವುದಿಲ್ಲ. ಕಾಲಿಗೆ ಗೊತ್ತಿದ್ದದ್ದನ್ನು ಕಾಲು ಮಾಡಿತು. ಬರಿಗೈಯಲ್ಲೇ ಲಾಂಡ್ರಿಯ ಗಾಡಿ ತಳ್ಳಿದೆ, ಆ ತಂತಿಯ ಹೆಜ್ಜೆಯಲ್ಲೇ. ಬಾಗಿ ಯಂತ್ರದಿಂದ ಒದ್ದೆ ಬಟ್ಟೆ ಎಳೆದೆ, ಹಿಂಡಿದೆ. ಹಾಸಿಗೆ ಬಟ್ಟೆಯೊಂದನ್ನು ಎತ್ತಿ ಝಾಡಿಸಿದೆ. ಟ್ರಂಪೆಟ್ಟು ಕೂಗಿದಾಗ ಅದು ಗಾಳಿಯಲ್ಲಿ ಉಬ್ಬಿತು, ಎಲ್ಲರಿಗೂ ಕಂಡಿರಬೇಕು, ಮುಂದಿನ ಸಾಲಿನವನೊಬ್ಬ ತಲೆ ತಗ್ಗಿಸಿದ. ಬಟ್ಟೆಯ ಎರಡು ತುದಿ ಹಿಡಿದು ಕೈ ಚಾಚಿ ನಿಂತೆ. ಅಲ್ಲಿ ಸಿಕ್ಕಿಕೊಂಡೆ. ಅದನ್ನು ಒಬ್ಬಳೇ ಮಡಚಲು ಬರುವುದಿಲ್ಲ. ಆ ಕಡೆಯ ತುದಿಗೆ ಇನ್ನೊಬ್ಬರು ಬೇಕು.

ಜೊಹಾನಾ ಅಡುಗೆಮನೆಯಲ್ಲಿದ್ದಳು. ಗಂಡಸರು ಅಲ್ಲಾಡಲಿಲ್ಲ. ತಂತಿ ನಡೆಯುತ್ತಲೇ ಇತ್ತು, ನಾನು ಕೈ ಚಾಚಿ ನಿಂತೇ ಇದ್ದೆ.

ಬಾಗಿಲಲ್ಲಿ ಕುರ್ಚಿ ಸರಿದ ಸದ್ದು. ರಖಾಡಿ ಕೋಲೂರಿ ನನ್ನ ಕಡೆ ಬಂದಳು, ಎಳೆದುಕೊಂಡು ಹೋಗುವವಳ ಮುಖ. ನನ್ನಿಂದ ಒಂದು ಹಾಸಿಗೆಯಷ್ಟು ದೂರದಲ್ಲಿ ನಿಂತಳು. ಚಾಚಿದ ನನ್ನ ಕೈಗಳನ್ನು ನೋಡಿದಳು. ಮೂವತ್ತೊಂದು ವರ್ಷ ಬಿಳಿಯರ ಮನೆಗಳಲ್ಲಿ ಹಾಸಿಗೆ ಹಾಸಿದವಳು. ಕೋಲನ್ನು ನೆಲಕ್ಕೆ ಬಿಟ್ಟಳು. ಬಾಗಿ, ಇಲ್ಲದ ಬಟ್ಟೆಯ ಎರಡು ತುದಿ ಎತ್ತಿಕೊಂಡಳು. ಬಿಗಿಯಾಗಿ ಎಳೆದಳು. ನಾನು ಒಂದು ಹೆಜ್ಜೆ ಮುಂದೆ ಹೋಗುವಷ್ಟು.

ಉದ್ದಕ್ಕೆ ಮಡಚಿದೆವು. ಮತ್ತೊಮ್ಮೆ ಮಡಚಿದೆವು. ಆಮೇಲೆ ಅವಳ ತುದಿ ನನ್ನ ತುದಿಗೆ ಸೇರಬೇಕು. ಅವಳು ನಡೆದು ಬಂದಳು, ತಾಳಕ್ಕೆ ಸರಿಯಾಗಿ, ಮುಖ ಗಂಟಿಕ್ಕಿಕೊಂಡೇ. ಅವಳ ಕೈ ನನ್ನ ಕೈಗೆ ತಾಗಿತು. ಒರಟು ಕೈ, ಬಿಸಿ. ಕರಿ ಬಟ್ಟೆ ತೊಟ್ಟ ದಿನದಿಂದ, ಅದರಲ್ಲಿದ್ದ ನನ್ನ ಕೈಯನ್ನು ಒಂದು ಜೀವವೂ ಮುಟ್ಟಿರಲಿಲ್ಲ.

“ಅಂಚು ಸೊಟ್ಟ,” ಎಂದಳು. “ಬಿಚ್ಚು, ಮತ್ತೆ ಮಡಚು.”

ಬಿಚ್ಚಿ ಮತ್ತೆ ಮಡಚಿದೆವು. ಎರಡನೆಯ ಸಲ ಮಾಶಿಗೋ ಎದ್ದ. ಅವನ ಹಿಂದೆ ಬಿಳಿ ಕೋಟಿನವರಿಬ್ಬರು. ಆಮೇಲೆ ಯಾರು ಎದ್ದರು, ಯಾರು ಕೂತಿದ್ದರು ನೋಡಲಿಲ್ಲ. ರೆಕಾರ್ಡು ಮುಗಿದಾಗ ಸೂರ್ಯ ಮುಳುಗಿಯಾಗಿತ್ತು.

ರಖಾಡಿ ಕೋಲು ಎತ್ತಿಕೊಂಡಳು. ಎಲ್ಲರಿಗೂ ಕೇಳುವಂತೆ ಹೇಳಿದಳು, “ವರ್ಷ ಇವತ್ತಿಂದ ಮತ್ತೆ ಮೊದಲಿಂದ. ತುಂಬೋವರ್ಗೂ ನನ್ನ ತಮ್ಮಂದು ಒಂದು ಪೆಟ್ಟಿಗೇನೂ ಈ ಮನೆಯಿಂದ ಅಲ್ಲಾಡಕೂಡ್ದು.”

ನನಗೆ ಕೋಪ ಬರಬೇಕಿತ್ತು. ಲೆಕ್ಕ ಹಾಕುತ್ತ ನಿಂತೆ. ಮಾರ್ಚಿಗೆ ಹೋಗಬೇಕಿದ್ದ ಪೆಟ್ಟಿಗೆಗಳು ಇನ್ನು ಮುಂದಿನ ಸೆಪ್ಟೆಂಬರಿನವರೆಗೆ ಹೋಗುವಂತಿಲ್ಲ. ಅದು ಅವಳಿಗೆ ಹೊಳೆದೇ ಹೇಳಿದಳೋ, ಹೊಳೆಯದೆ ಹೇಳಿದಳೋ. ಮುಖ ನೋಡಿದೆ. ಎಂದಿನ ಮುಖವೇ. ಒಳಗೆ ಹೋಗಿ ಉಳಿದ ಬೋಟಿ ತಟ್ಟೆಗೆ ಹಾಕಿಕೊಂಡಳು.

ಸೆಪ್ಟೆಂಬರ್ 18, ಗುರುವಾರ

ನ್ತಾತೆ ಫಾಶಾ ಬಂದಿದ್ದರು. ಗೇಟು ದಾಟಿ, ಬಾಗಿಲು ದಾಟಿ, ಕುರ್ಚಿಯ ಮೇಲೆ ಕೂತು ಚಹಾ ಕುಡಿದರು. ನಾನು ಹಸಿರು ಲಂಗ ಉಟ್ಟಿದ್ದೆ. ಅವರು ಎರಡು ಸಲ ನೋಡಿ, ಮೂರನೇ ಸಲ ಕೇಳಿದರು.

“ಕರಿ ಬಟ್ಟೆ?”

“ಒಗೆಯೋಕೆ ಹಾಕಿದೀನಿ.”

“ಯಾವಾಗ ಒಣಗ್ತದೆ?”

“ದಪ್ಪ ಬಟ್ಟೆ ನ್ತಾತೆ. ನಿಧಾನ.”

“ಹೂಂ,” ಎಂದರು. ರಖಾಡಿ ತಿಂಗಳ ಕೊನೆಗೆ ಬರುತ್ತಾಳೆ. ಅವಳಿಗೂ ಅದನ್ನೇ ಹೇಳುತ್ತೇನೆ. ಜಗಳವಾಗುತ್ತದೆ. ಆಗಲಿ.

ಫಾಶಾ ಪುಸ್ತಕ ತಂದಿದ್ದರು, ಮುಂದಿನ ವರ್ಷದ ಸರದಿ ಬರೆಯಲು. ಜನವರಿಯಿಂದ ಒಂದೊಂದೇ ತಿಂಗಳು ಓದಿದರು. ಆಗಸ್ಟ್ ಮಾಶಿಗೋ. ಸೆಪ್ಟೆಂಬರ್ ಖಾಲಿ, ಯಾರನ್ನಾದರೂ ಹೊಸಬನನ್ನು ಹುಡುಕಬೇಕು ಎಂದರು.

“ಬರ್ಕೊಳಿ,” ಅಂದೆ.

“ಯಾರನ್ನ?”

“ಮೊಸಿಮಾ.”

“ಸಂಘ ಶುರುವಾಗಿ ನಲವತ್ತು ವರ್ಷ ಆಯ್ತಮ್ಮಾ. ಹೆಂಗಸರಿಲ್ಲ.”

“ಗೊತ್ತು. ಅಡುಗೆಮನೇಲಿ ಇದ್ವಿ. ನನ್ನ ಹೆಸರೇ ಬರ್ಕೊಳಿ.”

“‘ಲೆಸಿಬಾನ ಮನೆಯವರು’ ಅಂತ ಬರೀಲಾ? ಯಾರೂ ತಕರಾರು ಮಾಡಲ್ಲ.”

“ಮೊಸಿಮಾ.”

ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ತುದಿ ನಾಲಿಗೆಗೆ ತಾಗಿಸಿ, ತೆಳ್ಳಗೆ ಬರೆಯತೊಡಗಿದರು. ನಾನು ಮೇಜಿನ ಮೇಲಿದ್ದ ನನ್ನ ಪೆನ್ನನ್ನು ಅವರ ಮುಂದೆ ಸರಿಸಿದೆ.